ಭೂದಾನದ ಪ್ರಥಮ ದಾನಿ ವೆದಿರೆ ರಾಮಚಂದ್ರ ರೆಡ್ಡಿ

ಅಂದು ಹೈದರಾಬಾದು ಸಂಸ್ಥಾನದ ನಲ್ಗೊಂಡ ಜಿಲ್ಲೆಗೆ ಸೇರಿದ್ದ ಪೋಚಂಪಲ್ಲಿಯ ಶ್ರೀಮಂತ ಜಮೀನುದಾರ ಮನೆತನದಲ್ಲಿ ವೆದಿರೆ ರಾಮಚಂದ್ರ ರೆಡ್ಡಿಯವರು 1905ರಲ್ಲಿ ಜನಿಸಿದರು. ಭೂಮಿಯ ಒಂದು ಪಾಲನ್ನು ಅರ್ಹರಿಗೆ ಕೊಡಬೇಕೆಂಬುದು ಅವರ ತಂದೆಯವರ ಇಚ್ಛೆಯಾಗಿತ್ತು. ಅದು ನೆರವೇರುವ ಮೊದಲೇ ತಂದೆಯವರು ಕಾಲವಾದರು. ತೀರದ ಆ ಇಚ್ಛೆಯು ಮಗನಿಗೆ ಪಿತ್ರಾರ್ಜಿತ ಆಸ್ತಿಯೊಡನೆ ಬಂದ ಋಣವಾಯಿತು.

ಆ ಕಾಲದ ತೆಲಂಗಾಣವು ಭೂಮಿಯ ಕಾರಣದಿಂದಲೇ ಹೊತ್ತಿ ಉರಿಯುತ್ತಿತ್ತು. 1946ರಿಂದ ಕಮ್ಯುನಿಸ್ಟರ ನೇತೃತ್ವದಲ್ಲಿ ರೈತರ ಸಶಸ್ತ್ರ ಹೋರಾಟ ನಡೆದಿತ್ತು. ಅನೇಕ ಜಮೀನುದಾರರು ಪ್ರಾಣಭಯದಿಂದ ಊರು ತೊರೆದಿದ್ದರು. ಇಂತಹ ಸಮಯದಲ್ಲಿ, ಹೈದರಾಬಾದಿನ ಬಳಿಯ ಶಿವರಾಂಪಲ್ಲಿಯ ಸರ್ವೋದಯ ಸಮ್ಮೇಳನವನ್ನು ಮುಗಿಸಿಕೊಂಡು, ಆಚಾರ್ಯ ವಿನೋಬಾ ಭಾವೆಯವರು ಕಾಲ್ನಡಿಗೆಯಿಂದ 1951ರ ಏಪ್ರಿಲ್ 18ರಂದು ಪೋಚಂಪಲ್ಲಿಗೆ ಬಂದರು.

ಊರಿನ ನಲವತ್ತು ದಲಿತ ಕುಟುಂಬಗಳವರು ಅವರ ಮುಂದೆ ತಮ್ಮ ಕಷ್ಟವನ್ನು ತೋಡಿಕೊಂಡರು. ಬೇಡಿದ್ದು 80 ಎಕರೆ. ಅರ್ಧ ತರಿ, ಅರ್ಧ ಖುಷ್ಕಿ. ಸರ್ಕಾರಕ್ಕೆ ಬರೆಯುವ ಯೋಚನೆ ವಿನೋಬಾರವರಿಗೆ ಬಂದಿತಾದರೂ, ನೆರೆದಿದ್ದ ಊರವರನ್ನೇ ಒಮ್ಮೆ ಕೇಳಿ ನೋಡಿದರು. ರಾಮಚಂದ್ರ ರೆಡ್ಡಿಯವರು ಎದ್ದು ನಿಂತು, ತಾವು 100 ಎಕರೆ ಕೊಡುವುದಾಗಿ ತಿಳಿಸಿದರು. ಬೇಡಿದ್ದಕ್ಕಿಂತ ಇಪ್ಪತ್ತು ಎಕರೆ ಹೆಚ್ಚು! ವಿನೋಬಾರವರಿಗೇ ನಂಬಿಕೆ ಬರಲಿಲ್ಲವೆನ್ನುತ್ತಾರೆ. ಸಂಜೆಯ ಪ್ರಾರ್ಥನಾ ಸಭೆಯಲ್ಲಿ ರೆಡ್ಡಿಯವರು ಊರ ಜನರೆಲ್ಲರ ಸಮಕ್ಷಮದಲ್ಲಿ ಅದೇ ಮಾತನ್ನು ಪುನಃ ಹೇಳಿದರು.

ಸಾವಿರಾರು ಎಕರೆಗಳ ಒಡೆಯನಿಗೆ ನೂರು ಎಕರೆ ಯಾವ ಲೆಕ್ಕವೆಂದು ಕೇಳುವವರಿರಬಹುದು. ಆ ಪ್ರಶ್ನೆ ಅನ್ಯಾಯವಾದುದಲ್ಲ. ಆದರೆ ಅಂತಹ ಒಡೆಯರು ಆ ಸೀಮೆಯಲ್ಲಿ ಹಲವರಿದ್ದರು. ಕಾನೂನಿನ ಬಲವಂತವಾಗಲಿ, ಯಾರ ಬೆದರಿಕೆಯಾಗಲಿ ಇಲ್ಲದೆ ಆ ದಿನ ಎದ್ದು ನಿಂತವರು ಇವರೊಬ್ಬರೇ. ಮುಂದೆ ರೆಡ್ಡಿಯವರು ಇನ್ನೂ 800 ಎಕರೆಗಳನ್ನು ಭೂದಾನಕ್ಕೆ ಅರ್ಪಿಸಿದರು. ಒಮ್ಮೆ ಕೊಟ್ಟು ಹೆಸರು ಬಂದ ಮೇಲೆ ಎರಡನೆಯ ಬಾರಿ ಕೈಬಿಚ್ಚುವುದು ಮೊದಲಿನದಕ್ಕಿಂತಲೂ ಕಠಿಣ.

ಆ ಪ್ರಸಂಗವೇ ವಿನೋಬಾರವರಿಗೆ ದಾರಿಯಾಯಿತು. ಅವರು ಹಳ್ಳಿಹಳ್ಳಿಗೂ ನಡೆದು ಭೂಮಿಯನ್ನು ಯಾಚಿಸಿದರು. ತೆಲಂಗಾಣವೊಂದರಲ್ಲಿಯೇ ಕೆಲವು ವಾರಗಳಲ್ಲಿ 12,000 ಎಕರೆಗೂ ಮಿಕ್ಕಿ ದೊರೆಯಿತು. ದೇಶದಾದ್ಯಂತ ವಾಗ್ದಾನವಾದ ಭೂಮಿ 40 ಲಕ್ಷ ಎಕರೆಗೂ ಹೆಚ್ಚು. ಇದರಲ್ಲಿ ಬಹುಪಾಲು ಬಂಜರು, ವಿವಾದದ ನೆಲ, ಇಲ್ಲವೇ ಹಂಚಿಕೆಯಾಗದೆ ಉಳಿದದ್ದು ಎಂಬುದನ್ನೂ ಮರೆಮಾಚಲಾಗದು. ಸಭೆಯಲ್ಲಿ ಕೊಟ್ಟೆನೆಂದು ಮನೆಗೆ ಹೋಗಿ ಹಿಂಜರಿದವರು ಕಡಿಮೆಯಿರಲಿಲ್ಲ.

ರೆಡ್ಡಿಯವರು 1986ರಲ್ಲಿ ನಿಧನರಾದರು. ನೇಯ್ಗೆಯ ಸೀರೆಗಳಿಗೆ ಹೆಸರಾದ ಅವರ ಊರನ್ನು ಜನರು ಇಂದು ಭೂದಾನ ಪೋಚಂಪಲ್ಲಿ ಎಂದು ಕರೆಯುತ್ತಾರೆ.