ಜಾರ್ಜ್ ಕಾರ್ವರ್ ಎಂಬ ಕೃಷಿಪಂಡಿತನ ಚರಿತ್ರೆ

ಕಡಲೆಕಾಯಿಯ ಗಿಡವನ್ನು ಕಿತ್ತು ನೋಡಿದವರು ಅದರ ಬೇರುಗಳಲ್ಲಿ ಸಣ್ಣ ಸಣ್ಣ ಗಂಟುಗಳಿರುವದನ್ನು ಕಂಡಿರಬಹುದು. ಅವು ರೋಗದ ಗುರುತಲ್ಲ. ಅವುಗಳಲ್ಲಿ ವಾಸಿಸುವ ಅತಿ ಸೂಕ್ಷ್ಮವಾದ ಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಆಹಾರವಾಗಿ ಕೊಡುತ್ತವೆ. ಬೇರೂ ಎಲೆಯೂ ಮಣ್ಣಿನಲ್ಲಿ ಕೊಳೆತಾಗ ನೆಲಕ್ಕೂ ಸಾರವು ಸೇರುತ್ತದೆ. ಈ ಸಂಗತಿಯನ್ನು ಅಕ್ಷರವರಿಯದ ಬಡ ಬೇಸಾಯಗಾರರ ಹೊಲಗಳಿಗೆ ಹೋಗಿ ತಿಳಿಸಿದ ಒಬ್ಬ ಪಂಡಿತನ ಚರಿತ್ರೆಯನ್ನು ಈ ಸಾರಿ ನಮ್ಮ ವಾಚಕರ ಮುಂದೆ ಇಡುತ್ತೇವೆ. ಆತನು ದಾಸಿಯ ಮಗನು.

ಜಾರ್ಜ್ ವಾಷಿಂಗ್ಟನ್ ಕಾರ್ವರನು 1864ನೆಯ ಇಸವಿಯ ಸುಮಾರಿಗೆ ಅಮೇರಿಕಾ ದೇಶದ ಮಿಸ್ಸೂರಿ ಸಂಸ್ಥಾನದಲ್ಲಿ, ಡೈಮಂಡ್ ಎಂಬ ಹಳ್ಳಿಯ ಬಳಿಯಲ್ಲಿ ಹುಟ್ಟಿದನು. ಆಫ್ರಿಕಾ ಖಂಡದಿಂದ ಹಿಡಿದು ತಂದ ಕರಿಯ ಜನರ ಸಂತತಿಯವರನ್ನು ಆ ಸೀಮೆಯಲ್ಲಿ ದನಕರುಗಳಂತೆ ಕೊಂಡು ಮಾರುತ್ತಿದ್ದ ಕಾಲವದು. ಆತನು ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ. ಜಾರ್ಜನು ಇನ್ನೂ ಕೂಸಾಗಿರುವಾಗ ಒಂದು ಕಳ್ಳರ ತಂಡವು ತಾಯಿಯಾದ ಮೇರಿಯನ್ನೂ ಅವನನ್ನೂ ಎತ್ತಿಕೊಂಡು ಹೋಯಿತು. ಕೂಸು ತಿರಿಗಿ ಸಿಕ್ಕಿತು, ತಾಯಿಯು ಸಿಕ್ಕಲೇ ಇಲ್ಲ. 1865ರಲ್ಲಿ ಆ ಸಂಸ್ಥಾನದಲ್ಲಿ ದಾಸತ್ವವು ರದ್ದಾದ ಬಳಿಕ, ಮುಂಚಿನ ಯಜಮಾನನಾದ ಮೋಸೆಸ್ ಕಾರ್ವರನೂ ಅವನ ಹೆಂಡತಿಯಾದ ಸೂಸಾನಳೂ ಹುಡುಗನನ್ನು ತಮ್ಮ ಮನೆಯಲ್ಲಿಯೇ ಸಾಕಿದರು. ಅವನು ಬಲಹೀನನಾಗಿದ್ದದರಿಂದ ಹೊಲದ ದುಡಿಮೆಗೆ ಬದಲಾಗಿ ಅಡಿಗೆ, ಹೊಲಿಗೆ, ಬಟ್ಟೆ ಒಗೆಯುವದು ಇವುಗಳನ್ನು ಕಲಿತನು. ಬಿಡುವಿನಲ್ಲಿ ಅಡವಿಯ ಗಿಡಗಳನ್ನು ತಂದು ನೆಟ್ಟು ಆರೈಕೆಮಾಡುತ್ತಿದ್ದನು. ಬಾಡಿದ ಗಿಡವನ್ನು ಅವನು ಬದುಕಿಸುವದನ್ನು ಕಂಡು ನೆರೆಯವರು ಅವನನ್ನು ಗಿಡಗಳ ವೈದ್ಯನೆಂದು ಕರೆದರು.

ಆ ಹಳ್ಳಿಯ ಶಾಲೆಯು ಬಿಳಿಯರ ಮಕ್ಕಳಿಗೆ ಮಾತ್ರವೇ ಇತ್ತು. ಆದಕಾರಣ ಬಾಲಕನು ನಿಯೋಶೋ ಎಂಬ ಪಟ್ಟಣಕ್ಕೆ ಹೋಗಿ, ಮರಾಯಾ ವಾಟ್ಕಿನ್ಸ್ ಎಂಬ ಕರಿಯ ಸೂಲಗಿತ್ತಿಯ ಮನೆಯಲ್ಲಿದ್ದು ತನ್ನವರ ಶಾಲೆಯಲ್ಲಿ ಓದಿದನು. ಮುಂದೆ ಊರಿಂದ ಊರಿಗೆ ಅಲೆದು, ಬಟ್ಟೆ ಒಗೆದೂ ಅಡಿಗೆ ಮಾಡಿಯೂ ಹೊಟ್ಟೆ ಹೊರೆದುಕೊಂಡು ಪ್ರೌಢಶಾಲೆಯನ್ನು ಮುಗಿಸಿದನು. ಆಗ ಕಾನ್ಸಾಸ್ ಸಂಸ್ಥಾನದ ಹೈಲ್ಯಾಂಡ್ ಎಂಬ ಊರಿನ ಕಾಲೇಜಿಗೆ ಅರ್ಜಿ ಬರೆದನು. ಅವನನ್ನು ಸೇರಿಸಿಕೊಳ್ಳುವದಾಗಿ ಪತ್ರವು ಬಂತು. ಆದರೆ ಬಾಗಿಲಲ್ಲಿ ಬಂದು ನಿಂತವನ ಮೈಬಣ್ಣವನ್ನು ಕಂಡಾಕ್ಷಣ ಅಲ್ಲಿಯವರು ಅವನನ್ನು ಹಿಂದಕ್ಕೆ ಕಳುಹಿಸಿದರು. ಕಾಗದದ ಮೇಲೆ ಯೋಗ್ಯನಾಗಿದ್ದವನು ಬಾಗಿಲಲ್ಲಿ ಅಯೋಗ್ಯನಾದನು. ಅನಂತರ ಕೆಲವು ವರುಷ ಅವನು ಬಯಲುಸೀಮೆಯಲ್ಲಿ ಹುಲ್ಲುಹೆಂಟೆಗಳ ಗುಡಿಸಲನ್ನು ಕಟ್ಟಿಕೊಂಡು ಬೇಸಾಯಮಾಡಿದನು.

1890ರಲ್ಲಿ ಐಯೋವಾ ಸಂಸ್ಥಾನದ ಸಿಂಪ್ಸನ್ ಕಾಲೇಜು ಅವನನ್ನು ಸೇರಿಸಿಕೊಂಡಿತು. ಅವನು ಚಿತ್ರ ಬರೆಯುವದನ್ನು ಕಲಿಯಲು ಹೋಗಿದ್ದನು. ಅಲ್ಲಿ ಚಿತ್ರಕಲೆಯನ್ನು ಕಲಿಸುತ್ತಿದ್ದ ಎಟ್ಟಾ ಬಡ್ ಎಂಬಾಕೆಯು, ಈ ಶಿಷ್ಯನಿಗೆ ಗಿಡಗಳ ವಿಷಯದಲ್ಲಿರುವ ತಿಳುವಳಿಕೆಯನ್ನು ಕಂಡು, ತನ್ನ ತಂದೆಯು ತೋಟಗಾರಿಕೆಯ ಪಂಡಿತನಾಗಿದ್ದ ಏಮ್ಸ್ ಪಟ್ಟಣದ ಕೃಷಿ ಕಾಲೇಜಿಗೆ ಹೋಗುವಂತೆ ಅವನನ್ನು ಒಡಂಬಡಿಸಿದಳು. 1891ರಲ್ಲಿ ಕಾರ್ವರನು ಆ ಕಾಲೇಜಿನ ಮೊದಲನೆಯ ಕರಿಯ ವಿದ್ಯಾರ್ಥಿಯಾದನು. ಮೊದಮೊದಲು ಅವನು ಇತರ ವಿದ್ಯಾರ್ಥಿಗಳ ಸಂಗಡ ಕೂತು ಉಣ್ಣಕೂಡದಾಗಿತ್ತು; ಆಳುಗಳ ಪಂಕ್ತಿಯಲ್ಲಿ ಉಂಡನು. ಆದರೂ 1894ರಲ್ಲಿ ಪದವಿಯನ್ನು ಪಡೆದು, ಗಿಡಗಳಿಗೆ ತಗಲುವ ಬೂಷ್ಟುರೋಗಗಳನ್ನು ಪರೀಕ್ಷಿಸುತ್ತಾ 1896ರಲ್ಲಿ ಮೇಲಿನ ಪದವಿಯನ್ನೂ ಪಡೆದನು.

ಅದೇ ವರುಷ, ಆಲಬಾಮಾ ಸಂಸ್ಥಾನದ ಟಸ್ಕೀಗೀಯಲ್ಲಿ ಕರಿಯ ಜನರಿಗಾಗಿ ವಿದ್ಯಾಶಾಲೆಯನ್ನು ನಡಿಸುತ್ತಿದ್ದ ಬೂಕರ್ ವಾಷಿಂಗ್ಟನನು ಆತನನ್ನು ಕರೆದನು. ಅಲ್ಲಿ ಶೋಧನೆಯ ಸಾಮಾನುಗಳು ಏನೂ ಇರಲಿಲ್ಲ. ಕಾರ್ವರನು ಶಿಷ್ಯರೊಂದಿಗೆ ಕಸದ ಗುಡ್ಡೆಗಳಿಂದ ಸೀಸೆಗಳನ್ನೂ ಡಬ್ಬಿಗಳನ್ನೂ ಆರಿಸಿ ತಂದು ಪ್ರಯೋಗಶಾಲೆಯನ್ನು ಅಣಿಮಾಡಿದನು. ಸುತ್ತಲಿನ ಹೊಲಗಳಲ್ಲಿ ವರುಷ ವರುಷವೂ ಹತ್ತಿಯನ್ನೇ ಬೆಳೆದು ನೆಲವು ಸತ್ವಗೆಟ್ಟಿತ್ತು. ಗೇಣಿದಾರರು ಸಾಲದಲ್ಲಿ ಮುಳುಗಿದ್ದರು. ಹತ್ತಿಯ ನಡುವೆ ಒಂದು ವರುಷ ಅಲಸಂದೆಯನ್ನೋ ಕಡಲೆಕಾಯಿಯನ್ನೋ ಬಿತ್ತಿದರೆ ಮನೆಗೆ ಊಟವೂ ನೆಲಕ್ಕೆ ಸಾರವೂ ದೊರೆಯುವದೆಂದು ಆತನು ಬೋಧಿಸಿದನು. ಸುಲಭವಾದ ಮಾತಿನಲ್ಲಿ 40ಕ್ಕೂ ಹೆಚ್ಚು ಪುಸ್ತಿಕೆಗಳನ್ನು ಬರೆದನು. 1916ರ ಒಂದರಲ್ಲಿ ಕಡಲೆಕಾಯಿಯ ಅಡಿಗೆಯ 105 ವಿಧಗಳಿವೆ. ಶಾಲೆಗೆ ಬರಲಾರದವರಿಗಾಗಿ 1906ರಿಂದ ಒಂದು ಬಂಡಿಯು ಉಪಕರಣಗಳನ್ನೂ ಬೀಜಗಳನ್ನೂ ಹೊತ್ತು ಹಳ್ಳಿಹಳ್ಳಿಗೆ ಹೋಗಲಾರಂಭಿಸಿತು.

1921ರಲ್ಲಿ ಹೊರದೇಶದ ಕಡಲೆಕಾಯಿಯ ಮೇಲಣ ಸುಂಕದ ವಿಷಯವಾಗಿ ಶಾಸನಸಭೆಯ ಸಮಿತಿಯ ಮುಂದೆ ಆತನು ಮಾತಾಡಬೇಕಾಯಿತು. 10 ನಿಮಿಷ ಕೊಟ್ಟಿದ್ದರು. ಒಬ್ಬ ಸದಸ್ಯನು ಆತನ ಕುಲವನ್ನು ಹಿಡಿದು ಪರಿಹಾಸ್ಯವನ್ನೂ ಮಾಡಿದನು. ಕಾರ್ವರನು ಕೆರಳದೆ ತಾನು ಕಡಲೆಕಾಯಿಯಿಂದ ಮಾಡಿದ ಪದಾರ್ಥಗಳನ್ನು ಒಂದೊಂದಾಗಿ ತೋರಿಸಲು, ಸಮಿತಿಯವರೇ ಇನ್ನೂ ಹೆಚ್ಚು ಹೊತ್ತು ಮಾತಾಡಲು ಬಿಟ್ಟರು. ಆ ಮೇಲೆ ಆತನ ಹೆಸರು ದೇಶವೆಲ್ಲಾ ಹಬ್ಬಿತು. ಆತನು ಮಾಡದ್ದನ್ನೂ ಜನರು ಆತನ ಲೆಕ್ಕಕ್ಕೆ ಸೇರಿಸಿದರು. ಕಡಲೆಕಾಯಿಯ ಬೆಣ್ಣೆಯು ಆತನದೆಂಬ ಮಾತು ನಿಜವಲ್ಲ. ಬಡವನ ಹೊಲವನ್ನು ಉಳಿಸಿದ್ದೇ ಆತನ ನಿಜವಾದ ಕೆಲಸವು. ತಾನು ಕೂಡಿಟ್ಟ ಸುಮಾರು 60,000 ಡಾಲರುಗಳನ್ನು ಕೃಷಿಶೋಧನೆಗೆಂದು ಕೊಟ್ಟು, 47 ವರುಷದ ಸೇವೆಯ ತರುವಾಯ 1943ನೆಯ ಜನವರಿ 5ರಲ್ಲಿ ತೀರಿಹೋದನು.

ಇಲ್ಲಿ ನಾವು ಒಂದು ವಿಷಯವನ್ನು ಯೋಚಿಸಬೇಕು. ಕಾರ್ವರನು ಮೇಲೆ ಬಂದನಷ್ಟೆ, ಬುದ್ಧಿಯಿದ್ದವನಿಗೆ ಯಾವ ಅಡ್ಡಿಯೂ ಇಲ್ಲವೆಂದು ಹೇಳಿದವರುಂಟು. ಆದರೆ ಆತನು ಸೇವೆಮಾಡಿದ ಆಲಬಾಮಾ ಸಂಸ್ಥಾನದ ವಿಶ್ವವಿದ್ಯಾಲಯವು ಆತನ ಜೀವಮಾನದಲ್ಲಿ ಕರಿಯ ವಿದ್ಯಾರ್ಥಿಯೊಬ್ಬನನ್ನೂ ಸೇರಿಸಲಿಲ್ಲ. 1956ರಲ್ಲಿ ಆಥರೀನ್ ಲೂಸಿ ಎಂಬ ಕರಿಯ ಹೆಣ್ಣುಮಗಳು ಸೇರಿದಾಗ ಗುಂಪು ಗಲಭೆಯೆಬ್ಬಿಸಿತು. ವಿಶ್ವವಿದ್ಯಾಲಯದವರು ಗಲಭೆ ಮಾಡಿದವರಿಗೆ ಬದಲಾಗಿ ಆಕೆಯನ್ನೇ ಕೆಲವು ದಿನಗಳಲ್ಲಿ ಹೊರಗೆ ಹಾಕಿದರು. ಆ ಬಾಗಿಲು ನಿಲುಕಡೆಯಾಗಿ ತೆರೆದದ್ದು 1963ರಲ್ಲಿ, ಕಾರ್ವರನು ಸತ್ತು 20 ವರುಷಗಳಾದ ಮೇಲೆ. ಒಬ್ಬನು ಒಳಗೆ ಬಂದದ್ದರಿಂದ ಎಷ್ಟೋ ಹೊಲಗಳಿಗೆ ಸಾರವು ಬಂತು. ಹೊರಗೆ ನಿಂತವರ ಕೈಯಲ್ಲಿ ಏನೇನು ಇತ್ತೆಂದು ಯಾರು ಬಲ್ಲರು? ತಲಾಂತನ್ನು ತಾನೇ ಹೂಳಿಟ್ಟವನ ಸಾಮ್ಯವನ್ನು ನಾವು ಬಲ್ಲೆವು; ಪರರ ತಲಾಂತನ್ನು ಹೂಳುವವರೂ ಉಂಟೆಂಬದನ್ನು ಮರೆಯಬಾರದು.

ನಮ್ಮ ಊರುಗಳಲ್ಲಿಯೂ ಎಲೆಯ ಹುಳವನ್ನೋ ರಾತ್ರಿಯ ನಕ್ಷತ್ರವನ್ನೋ ತೋರಿಸಿ ಇದೇಕೆ ಹೀಗೆಂದು ಕೇಳುವ ಕೂಲಿಯವನ ಮಗನಿರುವನು, ಮಗಳಿರುವಳು. ಮಗನನ್ನು ಬಡತನದ ನೆವದಿಂದಲೂ ಮಗಳನ್ನು ಹೆಣ್ಣೆಂಬ ನೆವದಿಂದಲೂ ಶಾಲೆ ಬಿಡಿಸುವದು ಸುಲಭವು. ಕಾರ್ವರನಿಗೆ ಸೂಲಗಿತ್ತಿಯೊಬ್ಬಳು ಮನೆ ಕೊಟ್ಟಳು, ಉಪಾಧ್ಯಾಯಿನಿಯೊಬ್ಬಳು ದಾರಿ ತೋರಿಸಿದಳು. ತಂದೆತಾಯಿಗಳೇ, ಉಪಾಧ್ಯಾಯರೇ, ಸಭೆಯ ಹಿರಿಯರೇ, ಅಷ್ಟನ್ನು ಮಾಡುವದು ನಮ್ಮಿಂದಲೂ ಆಗುವ ಕೆಲಸವಲ್ಲವೋ?