ನೀರಿನ ಮುಂದೆ ಸೋತ ಸುಲ್ತಾನ

ವಿಜಯಪುರಕ್ಕೆ ಪ್ರವಾಸ ಹೋದವರು ಗೋಳಗುಮ್ಮಟ ನೋಡದೆ ಬರುವುದಿಲ್ಲ. ಆದರೆ ಅದಕ್ಕೂ ಮೊದಲೇ ಆ ಊರಿಗೆ ಕೋಟೆ ಗೋಡೆ, ಗಗನ ಮಹಲು ಕಟ್ಟಿಸಿದ ಒಂದನೇ ಅಲಿ ಆದಿಲ್ ಶಾಹನ ಬಗ್ಗೆ ನಮಗೆ ಗೊತ್ತಿರುವುದು ಒಂದೇ ಸಂಗತಿ: 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರವನ್ನು ಸೋಲಿಸಿದ ಸುಲ್ತಾನರಲ್ಲಿ ಆತನೂ ಒಬ್ಬ. ಆತ ಸೋತ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಅಲಿ ಪಟ್ಟಕ್ಕೆ ಬಂದದ್ದು 1558ರಲ್ಲಿ. ಒಂದು ಕಾಲಕ್ಕೆ ಬಿಜಾಪುರದ್ದೇ ಆಗಿದ್ದ ಗೋವಾ 1510ರಲ್ಲಿ ಪೋರ್ಚುಗೀಸರ ಪಾಲಾಗಿತ್ತು. ತಾಳಿಕೋಟೆಯಲ್ಲಿ ಗೆದ್ದ ಹುರುಪಿನಲ್ಲಿದ್ದ ಅಲಿ, ಕೈತಪ್ಪಿದ ಆ ನಗರವನ್ನು ಮರಳಿ ಪಡೆಯಲು ಹೊರಟ. ಅಹಮದ್‌ನಗರದ ನಿಜಾಮ್ ಶಾಹನ ಜೊತೆ ಒಪ್ಪಂದವಾಯಿತು. ಆತ ಚೌಲ್ ಬಂದರಿಗೆ ಮುತ್ತಿಗೆ ಹಾಕಬೇಕು, ಅದೇ ಹೊತ್ತಿಗೆ ಅಲಿ ಗೋವಾಕ್ಕೆ. 1570ರ ಕೊನೆಯಲ್ಲಿ ಆನೆ, ಕುದುರೆ, ಫಿರಂಗಿಗಳ ಭಾರಿ ದಂಡು ಘಟ್ಟ ಇಳಿಯಿತು. ಪೋರ್ಚುಗೀಸ್ ವೈಸ್‌ರಾಯ್ ಲೂಯಿಸ್ ದ ಅತೈದೆಯ ಬಳಿ ಇದ್ದ ಸೈನಿಕರು ಅದರ ಮುಂದೆ ಲೆಕ್ಕಕ್ಕೇ ಇರಲಿಲ್ಲ. ಆದರೂ ಆತ ಚೌಲನ್ನು ಕೈಬಿಡಲು ಒಪ್ಪಲಿಲ್ಲ.

ಗೋವಾದ ನಕ್ಷೆ ನೋಡಿದರೆ ಮುಂದೇನಾಯಿತು ಎಂಬುದು ಸುಲಭವಾಗಿ ತಿಳಿಯುತ್ತದೆ. ಆಗಿನ ಗೋವಾ ನಗರ ಇದ್ದದ್ದು ದ್ವೀಪದ ಮೇಲೆ. ಉತ್ತರಕ್ಕೆ ಮಾಂಡವಿ, ದಕ್ಷಿಣಕ್ಕೆ ಜುವಾರಿ, ಪೂರ್ವಕ್ಕೆ ಇವೆರಡನ್ನೂ ಕೂಡಿಸುವ ಕಾಲುವೆಯಂಥ ಹರಿವು. ದಾಟಲು ಬರುವ ಕಡೆಗಳಲ್ಲೆಲ್ಲ ಪೋರ್ಚುಗೀಸರ ಕಾವಲಿತ್ತು, ನೀರಿನ ಮೇಲೆ ಅವರ ದೋಣಿಗಳಿದ್ದವು. ಬಯಲಿನಲ್ಲಿ ಯಾರನ್ನೂ ಎದುರಿಸಬಲ್ಲ ಕುದುರೆ ಪಡೆ ದಡದಲ್ಲೇ ನಿಂತುಬಿಟ್ಟಿತು. ತಿಂಗಳುಗಟ್ಟಲೆ ಫಿರಂಗಿಗಳು ಗುಡುಗಿದವು. ಹೊಳೆ ದಾಟುವ ಯತ್ನಗಳು ಫಲಿಸಲಿಲ್ಲ. ಅಷ್ಟರಲ್ಲಿ ಕರಾವಳಿಯ ಮಳೆಗಾಲವೂ ಬಂತು. ಚೌಲ್ ಕೂಡ ಬೀಳಲಿಲ್ಲ. ಕೊನೆಗೆ 1571ರಲ್ಲಿ ಅಲಿ ಮುತ್ತಿಗೆ ತೆಗೆದು ಸಂಧಿ ಮಾಡಿಕೊಂಡ.

ಸ್ಪರ್ಧಾತ್ಮಕ ಪರೀಕ್ಷೆಗೋ ಕ್ಯಾಂಪಸ್ ಸಂದರ್ಶನಕ್ಕೋ ಹೊರಟ ನಾವೂ ಹೀಗೆಯೇ. ಎಷ್ಟು ಪುಸ್ತಕ ಓದಿದೆವು, ಎಷ್ಟು ಸರ್ಟಿಫಿಕೇಟ್ ಸೇರಿಸಿದೆವು ಎಂದು ನಮ್ಮ ದಂಡನ್ನೇ ಎಣಿಸುತ್ತೇವೆ. ಎದುರಿಗಿರುವ ಹೊಳೆ ಎಷ್ಟು ಆಳ, ದಾಟಲು ಬೇಕಾದ ದೋಣಿ ನಮ್ಮಲ್ಲಿದೆಯೇ ಎಂದು ಕೇಳಿಕೊಳ್ಳುವುದಿಲ್ಲ.

ಸೋತ ಅಲಿ ಸುಮ್ಮನೆ ಕೂರಲಿಲ್ಲ. ತನ್ನ ದಂಡಿಗೆ ಒಗ್ಗುವ ನೆಲದತ್ತ ತಿರುಗಿದ. ಮುಂದಿನ ಕೆಲವೇ ವರ್ಷಗಳಲ್ಲಿ ಧಾರವಾಡ, ಬಂಕಾಪುರದ ಕೋಟೆಗಳು ಆತನ ಕೈಸೇರಿದವು. ಬಂಕಾಪುರಕ್ಕಂತೂ ಒಂದು ವರ್ಷಕ್ಕೂ ಹೆಚ್ಚು ಕಾಲ ಪಟ್ಟು ಬಿಡದೆ ಮುತ್ತಿಗೆ ಹಾಕಿದ್ದ. 1579ರಲ್ಲಿ ರಾಜಧಾನಿಯ ಜನರ ನೀರಿಗಾಗಿ, ಪತ್ನಿ ಚಾಂದ್ ಬೀಬಿಯ ಹೆಸರಿನಲ್ಲಿ ದೊಡ್ಡ ಬಾವಿಯೊಂದನ್ನು ಕಟ್ಟಿಸಿದ. ಮರುವರ್ಷ ಅರಮನೆಯಲ್ಲೇ ಆತನ ಕೊಲೆಯಾಯಿತು.

ಗೋವಾ ಕೊನೆಗೂ ಆತನಿಗೆ ದಕ್ಕಲಿಲ್ಲ. ಆದರೆ ಚಾಂದ್ ಬಾವಡಿ ಇಂದಿಗೂ ವಿಜಯಪುರದಲ್ಲಿದೆ. ಗೋಳಗುಮ್ಮಟ ನೋಡಲು ಹೋದಾಗ ಆ ಕಡೆಗೂ ಒಮ್ಮೆ ಹೆಜ್ಜೆ ಹಾಕಿ.