ವೆಲ್ಲೂರಿನ ಡಾಕ್ಟರಮ್ಮ ಐಡಾ ಸ್ಕಡರ್

ವೆಲ್ಲೂರಿನ ದೊಡ್ಡಾಸ್ಪತ್ರೆಯ ಹೆಸರು ಕೇಳದವರು ನಮ್ಮಲ್ಲಿ ವಿರಳ. ಅದನ್ನು ಕಟ್ಟಿದ ಮಹಿಳೆಯ ಹೆಸರನ್ನು ಬಲ್ಲವರು ಮಾತ್ರ ಕಡಿಮೆ.

ಐಡಾ ಸ್ಕಡರ್ ಹುಟ್ಟಿದ್ದು 1870ರಲ್ಲಿ, ರಾಣಿಪೇಟೆಯಲ್ಲಿ. ತಂದೆ, ಅಜ್ಜ ಇಬ್ಬರೂ ಅಮೆರಿಕದ ಮಿಶನರಿ ವೈದ್ಯರು. ಐಡಾ ಅವರಿಗಾದರೋ ಇಲ್ಲಿ ನೆಲೆಸುವ ಮನಸ್ಸಿರಲಿಲ್ಲ. ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ಬಂದಿದ್ದಾಗ, ಒಂದೇ ರಾತ್ರಿ ಮೂರು ಮನೆಯವರು ಹೆರಿಗೆ ಕಷ್ಟದಲ್ಲಿದ್ದ ಹೆಂಗಸರಿಗಾಗಿ ಅವರನ್ನು ಕರೆಯಬಂದರು. ಗಂಡಸು ವೈದ್ಯ ಮುಟ್ಟಕೂಡದೆಂಬುದು ಮೂವರ ಹಟ. ಐಡಾ ಅವರಿಗೋ ವೈದ್ಯವಿದ್ಯೆ ತಿಳಿಯದು. ಬೆಳಗಾಗುವಷ್ಟರಲ್ಲಿ ಮೂವರು ಬಾಣಂತಿಯರೂ ತೀರಿಹೋಗಿದ್ದರು.

ಆ ರಾತ್ರಿ ಅವರ ಬಾಳಿನ ದಾರಿ ಬದಲಾಯಿತು. 1899ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಪದವಿ ಪಡೆದು ಮರುವರ್ಷ ವೆಲ್ಲೂರಿಗೆ ಮರಳಿದರು. 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆ ತೆರೆಯಿತು. ಆದರೆ ಒಬ್ಬ ಡಾಕ್ಟರಮ್ಮ ಎಷ್ಟು ಊರಿಗೆ ಮುಟ್ಟಿಯಾರು? 1918ರಲ್ಲಿ ಹುಡುಗಿಯರಿಗಾಗಿಯೇ ವೈದ್ಯಕೀಯ ಶಾಲೆ ಆರಂಭಿಸಿದರು. 1922ರಲ್ಲಿ ಮೊದಲ ತಂಡದ 14 ಮಂದಿ ಹೊರಬಂದರು.

ಹೀಗೆ ಕಲಿತವಳು ನಾಳೆ ಯಾವುದೋ ಹಳ್ಳಿಯ ಆಸ್ಪತ್ರೆಯಲ್ಲಿ ಒಂಟಿಯಾಗಿ ನಿಲ್ಲಬೇಕು. ದಾದಿಯರು, ಔಷಧಿ, ಲೆಕ್ಕಪತ್ರ, ಬಾಗಿಲಲ್ಲಿ ಅಳುವ ಬಂಧುಗಳು ಎಲ್ಲವೂ ಅವಳ ಹೊಣೆ. ಇದು ಪುಸ್ತಕದಿಂದ ಮಾತ್ರ ಬರುವ ವಿದ್ಯೆಯಲ್ಲ. ಆದುದರಿಂದ ವಿದ್ಯಾರ್ಥಿನಿಯರನ್ನೂ ಕರೆದುಕೊಂಡು ಐಡಾ ಹಳ್ಳಿಗಳಿಗೆ ಹೊರಡುತ್ತಿದ್ದರು. ದಾರಿಬದಿಯ ಮರದಡಿಯೇ ಚಿಕಿತ್ಸಾಲಯ. ಹುಣ್ಣು ತೊಳೆಯುವುದರ ಜೊತೆಗೆ ನೂರಾರು ಜನರನ್ನು ಸಂಭಾಳಿಸುವುದನ್ನೂ ಹುಡುಗಿಯರು ಅಲ್ಲೇ ಕಲಿಯಬೇಕಾಗಿತ್ತು.

1938ರಲ್ಲಿ ಕುತ್ತು ಬಂತು. ಹಳೆಯ ಎಲ್.ಎಂ.ಪಿ. ಶಿಕ್ಷಣ ಸಾಲದು, ವಿಶ್ವವಿದ್ಯಾನಿಲಯದ ಪದವಿಯೇ ಬೇಕೆಂದು ಮದರಾಸು ಸರಕಾರ ವಿಧಿಸಿತು. ಅಧ್ಯಾಪಕರು, ಕಟ್ಟಡ, ಹಣ ಎಲ್ಲಕ್ಕೂ ಕೊರತೆ. ಎಪ್ಪತ್ತು ದಾಟಿದ ಐಡಾ ಅಮೆರಿಕದಲ್ಲಿ ಊರೂರು ತಿರುಗಿ ನಿಧಿ ಕೂಡಿಸಿದರು. ಹುಡುಗರನ್ನೂ ಸೇರಿಸುವ ಮಾತು ಬಂದಾಗ, ಹೆಂಗಸರ ಶಾಲೆಯೆಂದು ನೆರವಿತ್ತಿದ್ದ ಹಳೆಯ ಗೆಳತಿಯರೇ ಮುನಿಸಿಕೊಂಡರು. ನೊಂದರೂ ಸಂಸ್ಥೆ ಉಳಿಯಲೆಂದು ಅವರು ಒಪ್ಪಿದರು. 1942ರಲ್ಲಿ ಎಂ.ಬಿ.ಬಿ.ಎಸ್. ತರಗತಿ ಬಂತು, 1947ರಲ್ಲಿ ಹುಡುಗರೂ ಸೇರಿದರು.

ಐಡಾ 1960ರ ಮೇ ತಿಂಗಳಲ್ಲಿ ಕೊಡೈಕನಾಲಿನಲ್ಲಿ ಕಣ್ಮುಚ್ಚಿದರು. ತಾವಿಲ್ಲದೆಯೂ ನಡೆಯುವಂತೆ ಒಂದು ಕೆಲಸವನ್ನು ಇತರರ ಕೈಗೆ ಕಲಿಸಿಕೊಟ್ಟು ಹೋದವರು ಅವರು. ನಮ್ಮ ಕನ್ನಡ ಶಾಲೆಗಳಿಂದ ವೈದ್ಯ ಕಲಿಯಲು ಹೊರಡುವ ಹೆಣ್ಣುಮಕ್ಕಳಿಗೆ ಹಿರಿಯರು ಅಂಕಗಳ ಮಾತಿನೊಂದಿಗೆ ಈ ಕತೆಯನ್ನೂ ಹೇಳಲಿ ಎಂದು ನಾವು ಬಯಸುತ್ತೇವೆ.